ದುರಂತದ ಸ್ಮರಣೆ ಮತ್ತು ಶಾಲೆಯ ಹೊಣೆ

ರಾಷ್ಟ್ರದ ಜೀವನದಲ್ಲಿ ಹಬ್ಬದ ದಿನಗಳಿರುವಂತೆ ಶೋಕದ ದಿನಗಳೂ ಇರುತ್ತವೆ. ಹಬ್ಬವನ್ನು ಆಚರಿಸುವುದು ಸುಲಭ. ಧ್ವಜವನ್ನೇರಿಸಿ ಮಿಠಾಯಿ ಹಂಚಿದರೆ ಬಾಲಕರ ಮನಸ್ಸು ತಾನಾಗಿಯೇ ಅರಳುತ್ತದೆ. ಶೋಕವನ್ನು ಆಚರಿಸುವ ಬಗೆ ಯಾವುದು, ಅದನ್ನು ಎಳೆಯರಿಗೆ ಬೋಧಿಸುವ ಕ್ರಮ ಯಾವುದು ಎಂಬುದನ್ನು ವಿದ್ಯಾಸಂಸ್ಥೆಗಳು ಇನ್ನೂ ಗಂಭೀರವಾಗಿ ಆಲೋಚಿಸಬೇಕಾಗಿದೆ.

ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಮೃತಸರದಲ್ಲಿ ಅದು ನಡೆದುದು 1919ನೆಯ ಏಪ್ರಿಲ್ 13ರಂದು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದೇ ಹೆಸರಾದ ವಿದುರಾಶ್ವತ್ಥದ ಗೋಲೀಬಾರು ನಡೆದುದು 1938ನೆಯ ಏಪ್ರಿಲ್ 25ರಂದು. ಕರ್ನಾಟಕದ ಶಾಲೆಗಳಿಗೆ ಆ ವೇಳೆಗೆ ಸಾಮಾನ್ಯವಾಗಿ ಬೇಸಗೆಯ ರಜೆ. ಆದಕಾರಣ ಈ ಎರಡು ದಿನಗಳಂದು ಶಾಲೆಯ ಅಂಗಳದಲ್ಲಿ ಮಕ್ಕಳೇ ಇರುವುದಿಲ್ಲ. ಪಠ್ಯಪುಸ್ತಕದ ಕೆಲವು ವಾಕ್ಯಗಳಲ್ಲಿ, ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಲ್ಲಿ ಅವುಗಳ ಕಥೆ ಮುಗಿದುಹೋಗುತ್ತದೆ. ಜನರಲ್ ಡಯರ್ ಎಂಬ ಹೆಸರನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಆ ಅಂಕ ದೊರೆಯುತ್ತದೆ. ಆದರೆ ನಡೆದುದೇನೆಂಬುದು ಅವನಿಗೆ ತಿಳಿದಿರುವುದಿಲ್ಲ.

ತಿಳಿಯುವುದೆಂದರೆ ಕಾರ್ಯಕಾರಣಗಳನ್ನು ತಿಳಿಯುವುದು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡಲು ಅವಕಾಶವಿತ್ತ ರೌಲಟ್ ಕಾಯಿದೆ. ಅದನ್ನು ವಿರೋಧಿಸಿದ ಡಾ. ಸತ್ಯಪಾಲ್ ಮತ್ತು ಡಾ. ಸೈಫುದ್ದೀನ್ ಕಿಚ್ಲೂ ಅವರನ್ನು ಏಪ್ರಿಲ್ 10ರಂದು ಅಮೃತಸರದಿಂದ ಹೊರಸಾಗಿಸಿದುದು. ಪ್ರತಿಭಟಿಸಲು ಹೊರಟವರ ಮೇಲೆ ಗುಂಡು ಹಾರಿದುದು. ಕೆರಳಿದ ಗುಂಪು ಐವರು ಐರೋಪ್ಯರನ್ನು ಕೊಂದುದು. ಸಭೆಗಳನ್ನು ನಿಷೇಧಿಸಿದುದು, ಆ ನಿಷೇಧದ ಸುದ್ದಿಯೇ ಮುಟ್ಟದ ಹಳ್ಳಿಗರು ವೈಶಾಖಿಯ ದಿನ ಬಾಗಿನಲ್ಲಿ ಸೇರಿದುದು, ಇವೆಲ್ಲವನ್ನೂ ಅನುಕ್ರಮವಾಗಿ ಹೇಳಬೇಕು. ಇಕ್ಕಟ್ಟಾದ ಓಣಿಯೊಂದರಿಂದ ಒಳಬಂದ ಐವತ್ತು ಬಂದೂಕುಗಾರರು, ಚದುರಿರೆಂಬ ಎಚ್ಚರಿಕೆಯೂ ಇಲ್ಲದೆ, ಸುಮಾರು ಹತ್ತು ನಿಮಿಷಗಳ ಕಾಲ 1650 ಗುಂಡುಗಳನ್ನು ಹಾರಿಸಿದರು. ಆಜ್ಞೆಯಿತ್ತವನು ಆಂಗ್ಲ ಅಧಿಕಾರಿ. ಬಂದೂಕು ಹಿಡಿದವರು ಈ ಉಪಖಂಡದ ಸಿಪಾಯಿಗಳು. ಈ ಕಡೆಯ ಸಂಗತಿಯನ್ನು ಅನೇಕ ಉಪಾಧ್ಯಾಯರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟರೆ ಪಾಠದ ತಿರುಳೇ ಹೋಯಿತು. ಅಧರ್ಮದ ಆಜ್ಞೆ ಬಂದಾಗ ಅದನ್ನು ಪಾಲಿಸುವವನ ಹೊಣೆ ಎಷ್ಟು ಎಂಬ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಏಳಬೇಕಾದುದು ಅಲ್ಲಿಯೇ.

ಎರಡನೆಯದಾಗಿ, ಮೃತರ ಲೆಕ್ಕ. ಸರಕಾರವು ಒಪ್ಪಿದ ಸಂಖ್ಯೆ 379. ಗಾಂಧೀಜಿ, ಚಿತ್ತರಂಜನ ದಾಸ್ ಮೊದಲಾದವರಿದ್ದ ಕಾಂಗ್ರೆಸ್ ಸಮಿತಿಯು ಸಾವಿರವೆಂದರೂ ಉತ್ಪ್ರೇಕ್ಷೆಯಲ್ಲವೆಂದಿತು. ಎರಡು ಸಂಖ್ಯೆಗಳನ್ನೂ ಕಪ್ಪುಹಲಗೆಯ ಮೇಲೆ ಬರೆದು, ಈ ಅಂತರ ಹೇಗೆ ಉಂಟಾಯಿತು, ಸತ್ತವರನ್ನು ಎಣಿಸಿದವರು ಯಾರು ಎಂದು ಕೇಳಿದರೆ ಇತಿಹಾಸವೆಂಬುದು ಕಂಠಪಾಠದ ವಸ್ತುವಲ್ಲ, ಶೋಧಿಸಬೇಕಾದ ಸತ್ಯವೆಂಬುದು ಬಾಲಕನಿಗೂ ಹೊಳೆಯುತ್ತದೆ.

ಇಂತಹ ಕ್ರೌರ್ಯವನ್ನು ವಿವರಿಸಿದರೆ ಕೋಮಲ ಹೃದಯಗಳಲ್ಲಿ ದ್ವೇಷ ಬೇರೂರುವುದೆಂಬ ಆಕ್ಷೇಪ ಕೇಳಿಬರುತ್ತದೆ. ಆಕ್ಷೇಪ ನಿರಾಧಾರವಾದುದೇನಲ್ಲ. ಕೆಳಗಿನ ತರಗತಿಗಳ ಮಕ್ಕಳಿಗೆ ರಕ್ತಪಾತದ ವರ್ಣನೆ ಸಲ್ಲದು. ಆದರೆ ದ್ವೇಷ ಹುಟ್ಟುವುದು ಅರೆತಿಳಿವಿನಿಂದ. ಡಯರನ ಕೃತ್ಯವನ್ನು 1920ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಚರ್ಚಿಲ್ ಕಟುವಾಗಿ ಖಂಡಿಸಿದನು. ಮೇಲ್ಮನೆಯು ಡಯರನ ಪರವಾದ ನಿರ್ಣಯವನ್ನು ಅಂಗೀಕರಿಸಿತು. ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯು ಅವನಿಗಾಗಿ 26,000 ಪೌಂಡುಗಳಷ್ಟು ನಿಧಿಯನ್ನು ಕೂಡಿಸಿಕೊಟ್ಟಿತು. ಒಂದೇ ದೇಶದಲ್ಲಿ ನ್ಯಾಯಬುದ್ಧಿಯೂ ಇತ್ತು, ಅಂಧಾಭಿಮಾನವೂ ಇತ್ತು. ಇದನ್ನು ಕಲಿತ ವಿದ್ಯಾರ್ಥಿ ಇಡಿಯ ಜನಾಂಗವನ್ನು ದ್ವೇಷಿಸಲಾರನು. ಕವಿ ರವೀಂದ್ರರು 1919ರ ಮೇ 31ರಂದು ‘ಸರ್’ ಪದವಿಯನ್ನು ತ್ಯಜಿಸಿದ ಪ್ರಸಂಗವನ್ನೂ ಇದರೊಡನೆ ಹೇಳಿದರೆ ಆಯುಧ ಹಿಡಿಯದೆ ಪ್ರತಿಭಟಿಸುವ ಮಾರ್ಗವೂ ಕಾಣುತ್ತದೆ.

ಕನ್ನಡ ಮಕ್ಕಳಿಗೆ ವಿದುರಾಶ್ವತ್ಥದ ಪಾಠ ಇನ್ನೂ ಹತ್ತಿರದ್ದು. ಗೌರಿಬಿದನೂರು ತಾಲ್ಲೂಕಿನ ಆ ಕ್ಷೇತ್ರದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಕಾಂಗ್ರೆಸ್ ಧ್ವಜವನ್ನೇರಿಸಲು ನೆರೆದ ಜನರ ಮೇಲೆ ಗುಂಡು ಹಾರಿಸಿದವರು ಮೈಸೂರು ಸಂಸ್ಥಾನದ ಪೊಲೀಸರು. ಅಲ್ಲಿಯೂ ಸತ್ತವರ ವಿಷಯದಲ್ಲಿ ಸರಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಬಳಿಕ ಧ್ವಜಾರೋಹಣಕ್ಕೆ ಅನುಮತಿ ದೊರೆಯಿತು. ಕ್ರೌರ್ಯವು ಹೊರನಾಡಿನಿಂದ ಬಂದವರ ಸ್ವತ್ತು ಮಾತ್ರವೇ ಎಂಬ ಭ್ರಮೆ ಈ ಪಾಠದಿಂದ ಹರಿಯುತ್ತದೆ.

ಬೋಧನೆ ಹೀಗಾದರೆ ಆಚರಣೆ ಹೇಗಿರಬೇಕು? ಅಟ್ಟೆಯ ಬಂದೂಕುಗಳನ್ನು ಹಿಡಿದ ಕಿರುನಾಟಕ, ಚಪ್ಪಾಳೆ, ಬಹುಮಾನ, ದೀರ್ಘ ಭಾಷಣ ಇವು ಶೋಕಕ್ಕೆ ಒಪ್ಪುವ ಅಲಂಕಾರಗಳಲ್ಲ. 2021ರಲ್ಲಿ ಜಲಿಯನ್‌ವಾಲಾ ಬಾಗನ್ನು ನವೀಕರಿಸಿ, ಸಿಪಾಯಿಗಳು ನಡೆದುಬಂದ ಆ ಓಣಿಯ ಗೋಡೆಗಳನ್ನು ಶಿಲ್ಪಗಳಿಂದ ಸಿಂಗರಿಸಿದಾಗ ಹಲವು ಇತಿಹಾಸಜ್ಞರು ನೊಂದು ಆಕ್ಷೇಪಿಸಿದುದುಂಟು. ಬರಿಯ ಇಟ್ಟಿಗೆಯ ಗೋಡೆ ಹೇಳುತ್ತಿದ್ದುದನ್ನು ಶೃಂಗಾರಗೊಂಡ ಗೋಡೆ ಹೇಳಲಾರದು ಎಂಬುದೇ ಅವರ ಅಳಲು.

ಏಪ್ರಿಲ್‌ನಲ್ಲಿ ಶಾಲೆ ಇಲ್ಲದಿದ್ದರೆ ಜನವರಿ 30 ಇದೆ. ಗಾಂಧೀಜಿಯವರು 1948ರಲ್ಲಿ ಹತರಾದ ಆ ದಿನ ಹುತಾತ್ಮರ ದಿನ. ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷಗಳ ಮೌನ ದೇಶದ ಕ್ರಮ. ಘಂಟೆ ಬಾರಿಸಿದೊಡನೆ ಏಕೆಂದು ಅರಿಯದೆ ನಿಂತು, ಮತ್ತೆ ಘಂಟೆಯಾದಾಗ ಕುಳಿತುಕೊಳ್ಳುವ ಮೌನದಿಂದ ಫಲವಿಲ್ಲ. ಅದರ ಹಿಂದಿನ ಅವಧಿಯನ್ನು ಇಂತಹ ಒಂದು ದುರಂತದ ಪಾಠಕ್ಕೆ ಮೀಸಲಿಡಬೇಕು. ಮೌನದ ನಂತರ ಮಕ್ಕಳ ಪ್ರಶ್ನೆಗಳಿಗೆ ಅರ್ಧ ಗಂಟೆ ದೊರೆಯಬೇಕು. ಉತ್ತರ ತಿಳಿಯದ ಪ್ರಶ್ನೆ ಬಂದರೆ ಉಪಾಧ್ಯಾಯರು ಗ್ರಂಥಾಲಯದ ಕಡೆಗೆ ನಡೆಯಲು ನಾಚಬೇಕಾಗಿಲ್ಲ.

ಇದರಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಪಾಲುಂಟು. ಕಟ್ಟಡಗಳಿಗೆ ಉದಾರವಾಗಿ ನೀಡುವ ಕೈಗಳು ವರ್ಷಕ್ಕೊಮ್ಮೆ ಒಂದು ತರಗತಿಯ ಮಕ್ಕಳನ್ನು ವಿದುರಾಶ್ವತ್ಥದ ವೀರಸೌಧಕ್ಕೆ ಕಳುಹಿಸುವ ವೆಚ್ಚವನ್ನೂ, ತನಿಖಾ ವರದಿಗಳ ಕನ್ನಡ ಸಾರವನ್ನು ಗ್ರಂಥಾಲಯಕ್ಕೆ ಒದಗಿಸುವ ವೆಚ್ಚವನ್ನೂ ವಹಿಸಿಕೊಳ್ಳಬಹುದು. ಆ ಸ್ಮಾರಕದೆದುರು ನಿಂತ ಬಾಲಕಿಯೊಬ್ಬಳು ‘ಇವರಿಗೆ ಗುಂಡಿಕ್ಕಿದವರೂ ಇಲ್ಲಿಯವರೇ ಏನು?’ ಎಂದು ಕೇಳಿದರೆ, ಅವಳಿಗೆ ನೇರವಾದ ಉತ್ತರ ಕೊಡಬಲ್ಲ ಉಪಾಧ್ಯಾಯರು ಜೊತೆಯಲ್ಲಿರುವಂತೆ ನೋಡಿಕೊಳ್ಳುವುದು ಶಾಲೆಯ ಕರ್ತವ್ಯ.