ಸಾವಿರ ವರ್ಷದ ಡಿಸ್ಕು ಸರಿ, ಓದುವ ಯಂತ್ರ ಯಾರ ಮನೆಯಲ್ಲಿ?

2024ರ ಫೆಬ್ರುವರಿ ಕೊನೆಯ ವಾರ ಡೆಸ್ಕಿನಿಂದ ಫೋನ್ ಬಂತು. ಒಳಪುಟದಲ್ಲಿ ಒಂದು ಬಾಕ್ಸ್ ಖಾಲಿ ಉಳಿದಿದೆ, ಇಂಗ್ಲಿಷ್ ಸುದ್ದಿಯೊಂದನ್ನು ವಾಟ್ಸಾಪ್ ಮಾಡಿದ್ದೇವೆ, ಅರ್ಧ ಗಂಟೆಯಲ್ಲಿ ಕನ್ನಡ ಮಾಡಿ ಕೊಡಿ ಎಂದರು. ನಾವು ಸುದ್ದಿ ಕಳಿಸುವಂಥ ಸಣ್ಣ ಪತ್ರಿಕೆಗಳಲ್ಲಿ ವರದಿಗಾರನೇ ಅನುವಾದಕ, ಅವನೇ ಪ್ರೂಫ್ ರೀಡರ್, ಜಾಹೀರಾತು ಬಂದರೆ ಅವನೇ ವಸೂಲಿ. ಶಾಂಘೈನ ವಿಜ್ಞಾನಿಗಳು ಡಿವಿಡಿ ಗಾತ್ರದ ಒಂದು ಡಿಸ್ಕಿನಲ್ಲಿ 1.6 ಪೆಟಾಬಿಟ್, ಅಂದರೆ ಸುಮಾರು 200 ಟೆರಾಬೈಟ್ ಹಿಡಿಸುವ ವಿಧಾನ ಕಂಡುಹಿಡಿದಿದ್ದಾರೆ, 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಗಿದೆ ಎಂಬುದು ಸುದ್ದಿ. ನಾವು ಕ್ಯಾಲ್ಕುಲೇಟರ್ ಒತ್ತಿ ‘42 ಸಾವಿರ ಡಿವಿಡಿ ಈಗ ಒಂದೇ ಡಿಸ್ಕಿನಲ್ಲಿ!’ ಎಂದು ಹೆಡ್ಡಿಂಗ್ ಕೊಟ್ಟು ಕಳಿಸಿದೆವು. ಆಶ್ಚರ್ಯಸೂಚಕ ಚಿಹ್ನೆಯೂ ನಮ್ಮದೇ.

ಎರಡು ದಿನ ಬಿಟ್ಟು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಿಂದ ಹುಡುಗನೊಬ್ಬ ಪತ್ರಿಕೆ ಮಡಚಿಕೊಂಡು ನಮ್ಮನ್ನು ಹುಡುಕಿ ಬಂದ. “ಸರ, ಇಷ್ಟೆಲ್ಲಾ ಒಂದು ಸಿಡಿಯಾಗ ಹಿಡೀತದಂತ ನೀವ ಬರದೀರಿ. ನಮ್ಮ ಅಮ್ಮನ ಪದ ನೀವು ಸಿಡಿ ಮಾಡಿ ಇಟ್ಟಿದ್ರಲ್ರೀ. ಅದನ್ನ ಮೊಬೈಲಿಗೆ ಹಾಕಿ ಕೊಡ್ರಿ” ಎಂದ. ಅವನು ಅಮ್ಮ ಎಂದದ್ದು ಅಜ್ಜಿಗೆ. ಡಿಪ್ಲೊಮಾ ಓದುವಾಗ ಪ್ರಾಜೆಕ್ಟಿಗೆಂದು ನಾವು ಮೂವರು ಹೋಗಿ ಆ ಅಜ್ಜಿಯ ಬೀಸುವ ಪದ, ಸೋಬಾನ ಪದಗಳನ್ನು ಮೂರು ದಿನ ಕೂತು ರೆಕಾರ್ಡ್ ಮಾಡಿದ್ದೆವು. ಸೈಬರ್ ಕೆಫೆಯಲ್ಲಿ ನಾಲ್ಕು ಸಿಡಿಗೆ ಬರೆಸಿದ್ದೆವು. ಕ್ಯಾಮೆರಾದ ಮೂಲ ಕಾರ್ಡನ್ನು ಬೇರೆ ಕೆಲಸಕ್ಕೆ ಬೇಕೆಂದು ಅಂದೇ ಅಳಿಸಿದ್ದೆವು. ಸಿಡಿ ಇದೆಯಲ್ಲ ಎಂಬ ಧೈರ್ಯ. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

ಟ್ರಂಕ್ ತೆಗೆದೆವು. ಸಿಡಿಗಳು ಇದ್ದವು. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಫೋಟೊ ಸ್ಟುಡಿಯೋದವರ ಹತ್ತಿರ ಹೋದರೆ, ಅವರು ಮದುವೆ ವಿಡಿಯೋ ಪೆನ್‌ಡ್ರೈವಿನಲ್ಲಿ ಕೊಡಲು ಶುರು ಮಾಡಿ ಎಷ್ಟೋ ವರ್ಷವಾಯಿತು ಎಂದರು. ಕೊನೆಗೆ ಯುಎಸ್‌ಬಿ ಡ್ರೈವ್ ಒಂದನ್ನು ತರಿಸಿದೆವು. ಎರಡು ಸಿಡಿ ತಿರುಗಿ ತಿರುಗಿ ಸುಮ್ಮನಾದವು. ಮೂರನೆಯದಕ್ಕೆ ನಾವು ಚೆಂದ ಕಾಣಲೆಂದು ಕಾಗದದ ಲೇಬಲ್ ಅಂಟಿಸಿದ್ದೆವು. ತಗಡಿನ ಮನೆಯ ಬಿಸಿಗೆ ಲೇಬಲ್ ಸುರುಳಿಯಾಗಿ, ಎದ್ದು ಬರುವಾಗ ಕೆಳಗಿನ ಬೆಳ್ಳಿ ಬಣ್ಣದ ಪದರವನ್ನೂ ಕಿತ್ತುಕೊಂಡು ಬಂದಿತ್ತು. ಸಿಡಿಯ ಮೇಲ್ಭಾಗದಲ್ಲಿ ಆ ಪದರಕ್ಕೆ ರಕ್ಷಣೆಯೆಂದು ಇರುವುದು ತೆಳ್ಳನೆಯ ಒಂದು ಲೇಪ ಮಾತ್ರ. ಡಿವಿಡಿಯಲ್ಲಾದರೂ ಅದು ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ನಮಗೆ ಪಾಠ ಹೇಳಿದವರಿಗಾಗಲಿ, ಅಂಗಡಿಯವನಿಗಾಗಲಿ ಇದು ಗೊತ್ತಿರಲಿಲ್ಲ. ನಾಲ್ಕನೆಯದರಲ್ಲಿ ಹನ್ನೊಂದು ನಿಮಿಷ ಸಿಕ್ಕಿತು. ಮೂರು ದಿನದಲ್ಲಿ ಹನ್ನೊಂದು ನಿಮಿಷ.

ನಮ್ಮ ತಪ್ಪು ನಮಗೆ ಗೊತ್ತಿದೆ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಜಗಳ ಇರುವುದು ಆ ಬಾಕ್ಸ್ ಐಟಮ್ ಜೊತೆ. ಇಪ್ಪತ್ತು ವರ್ಷಗಳಿಂದ ಕನ್ನಡ ಪತ್ರಿಕೆಗಳ ವಿಜ್ಞಾನ ಪುಟಗಳು, ನಾವೂ ಸೇರಿದಂತೆ, ಈ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಬರೆಯುತ್ತಿವೆ. ಇಷ್ಟು ಜಿಬಿ, ಇಷ್ಟು ಟಿಬಿ, ಇಷ್ಟು ಸಿನಿಮಾ, ಇಷ್ಟು ಗ್ರಂಥಾಲಯ. ಡಿಸ್ಕು ಎಷ್ಟು ಹಿಡಿಸುತ್ತದೆ ಎಂದು ಕೇಳಿದವರೇ ಎಲ್ಲರೂ. ಅದನ್ನು ಓದುವ ಯಂತ್ರ ಯಾರು ಮಾಡುತ್ತಾರೆ, ಎಷ್ಟು ವರ್ಷ ಮಾಡುತ್ತಾರೆ, ಯಾರ ಕೈಗೆ ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ.

ಈ ಸುದ್ದಿಗಳ ಹಿಂದಿನ ಕಥೆಯನ್ನೇ ನೋಡಿ. ಸಿಡಿಯನ್ನು ಓದುವ ಲೇಸರಿನ ತರಂಗಾಂತರ 780 ನ್ಯಾನೊಮೀಟರ್, ಡಿವಿಡಿಯದು 650, ಬ್ಲೂ-ರೇಯದು 405. ತರಂಗ ಸಣ್ಣದಾದಷ್ಟೂ ಗುರುತು ಸಣ್ಣದು, ಹಿಡಿಸುವುದು ಹೆಚ್ಚು: 700 ಎಂಬಿ, 4.7 ಜಿಬಿ, 25 ಜಿಬಿ. ನೀಲಿ ಲೇಸರಿನ ಹಂತದಲ್ಲೇ ಎರಡು ಗುಂಪು ಬಡಿದಾಡಿದವು. ಒಂದು ಕಡೆ ಸೋನಿ ಮತ್ತಿತರರ ಬ್ಲೂ-ರೇ, ಇನ್ನೊಂದು ಕಡೆ ತೋಷಿಬಾದ ಎಚ್‌ಡಿ ಡಿವಿಡಿ. 2008ರ ಫೆಬ್ರುವರಿ 19ರಂದು ತೋಷಿಬಾ ಕೈಚೆಲ್ಲಿತು. ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡವರ ಗತಿ ಏನಾಯಿತು ಎಂದು ಹೇಳಬೇಕಿಲ್ಲ. ಅದೇ ಹೊತ್ತಿಗೆ ಬೆಲ್ ಲ್ಯಾಬ್ಸಿನಿಂದ ಹೊರಬಂದ ಇನ್‌ಫೇಸ್ ಎಂಬ ಅಮೆರಿಕದ ಕಂಪನಿ ಹೋಲೊಗ್ರಾಂ ತಂತ್ರದಲ್ಲಿ 300 ಜಿಬಿಯ ಡಿಸ್ಕು ಇನ್ನೇನು ಬಂತು ಎನ್ನುತ್ತಿತ್ತು. 2006 ಎಂದರು, ಮುಂದೂಡಿದರು, 2010ರಲ್ಲಿ ಕಂಪನಿಯೇ ಬಾಗಿಲು ಹಾಕಿತು. 2009ರಲ್ಲಿ ಜನರಲ್ ಎಲೆಕ್ಟ್ರಿಕ್ 500 ಜಿಬಿ ಎಂದಿತು. ಅದೂ ಅಂಗಡಿ ಮುಖ ನೋಡಲಿಲ್ಲ. 2014ರ ಮಾರ್ಚಿನಲ್ಲಿ ಸೋನಿ, ಪ್ಯಾನಸಾನಿಕ್ ಒಟ್ಟಾಗಿ ‘ಆರ್ಕೈವಲ್ ಡಿಸ್ಕ್’ ಘೋಷಿಸಿದವು. ಮೊದಲು 300 ಜಿಬಿ, ಆಮೇಲೆ 500, ಆಮೇಲೆ 1 ಟಿಬಿ ಎಂದು ನಕ್ಷೆ ಹಾಕಿದರು. 500ರವರೆಗೆ ಬಂದರು, 1 ಟಿಬಿ ಮಾರುಕಟ್ಟೆಗೆ ಬರಲಿಲ್ಲ. 2025ರ ಫೆಬ್ರುವರಿಗೆ ಸೋನಿ ನಾವೇ ಬರೆದುಕೊಳ್ಳಬಹುದಾದ ಬ್ಲೂ-ರೇ ಡಿಸ್ಕುಗಳ ಉತ್ಪಾದನೆಯನ್ನೇ ನಿಲ್ಲಿಸಿತು. ಅದರ ಜೊತೆಗೇ ಮಿನಿಡಿವಿ ಕ್ಯಾಸೆಟ್ಟೂ ಹೋಯಿತು. ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕವರ್ ಕೊಟ್ಟು ಬೆಂಗಳೂರಿಗೆ ಕ್ಯಾಸೆಟ್ ಕಳಿಸುತ್ತಿದ್ದ ನಮ್ಮ ಹಿರಿಯ ಸ್ಟ್ರಿಂಜರ್‌ಗಳಿಗೆ ಆ ಸುದ್ದಿ ಕೇಳಿ ಏನನಿಸಿತೋ. ಬೇರೆ ಕೆಲವು ತಯಾರಕರು ಬ್ಲೂ-ರೇ ಇನ್ನೂ ಮಾಡುತ್ತಿದ್ದಾರೆ. ಆದರೆ ಹುಟ್ಟಿಸಿದವನೇ ಎದ್ದು ಹೋದ ಮೇಲೆ ಉಳಿದವರ ಮೇಲೆ ಎಷ್ಟು ಭರವಸೆ?

ನಮ್ಮ ದೇಶದ್ದೂ ಒಂದು ಕಥೆ ಇದೆ. ಗ್ರೇಟರ್ ನೋಯ್ಡಾದ ಮೋಸರ್ ಬೇರ್ ಒಂದು ಕಾಲದಲ್ಲಿ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದು. ಪೈರಸಿಯವರನ್ನು ಬೆಲೆಯಲ್ಲೇ ಸೋಲಿಸುತ್ತೇವೆಂದು 28 ರೂಪಾಯಿಗೆ ವಿಸಿಡಿ ಬಿಟ್ಟಾಗ ಕನ್ನಡ ಸಿನಿಮಾಗಳೂ ಪೆಟ್ಟಿಗೆ ಅಂಗಡಿಯಲ್ಲಿ ತೂಗಾಡಿದವು. 2018ರಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶ ಕೊಟ್ಟಿತು.

ಇಷ್ಟಾದರೂ ನಮಗೆ ಬುದ್ಧಿ ಬರದಿದ್ದರೆ ಬ್ರಿಟನ್ನಿನ ಡೂಮ್ಸ್‌ಡೇ ಕಥೆ ಕೇಳಬೇಕು. 1086ರಲ್ಲಿ ಅಲ್ಲಿನ ರಾಜ ಊರೂರಿನ ಹೊಲ, ಎತ್ತು, ನೇಗಿಲು ಎಣಿಸಿ ಚರ್ಮದ ಹಾಳೆಯ ಮೇಲೆ ಬರೆಸಿದ. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಹೊಸ ಡೂಮ್ಸ್‌ಡೇ ಮಾಡಿತು. ಶಾಲಾ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರಿನ ಬಗ್ಗೆ ಬರೆದರು, ಫೋಟೊ ಕೊಟ್ಟರು. ಅದನ್ನೆಲ್ಲ ಆ ಕಾಲದ ಅತಿದೊಡ್ಡ ಡಿಸ್ಕು, ತಟ್ಟೆಯಷ್ಟು ಅಗಲದ ಲೇಸರ್ ಡಿಸ್ಕುಗಳಿಗೆ ತುಂಬಿದರು. ಓದಲು ಬಿಬಿಸಿ ಮಾಸ್ಟರ್ ಕಂಪ್ಯೂಟರೂ ಫಿಲಿಪ್ಸಿನ ವಿಶೇಷ ಪ್ಲೇಯರೂ ಬೇಕು. ಬೆಲೆ ಕೇಳಿಯೇ ಬಹಳಷ್ಟು ಶಾಲೆಗಳು ಕೊಳ್ಳಲಿಲ್ಲ. ಬರೆದ ಮಕ್ಕಳಿಗೇ ತಾವು ಬರೆದದ್ದು ನೋಡಲು ಸಿಗಲಿಲ್ಲ ಅನ್ನಿ! 2002ರ ಹೊತ್ತಿಗೆ ಚಾಲೂ ಇರುವ ಪ್ಲೇಯರ್ ಸಿಗುವುದೇ ಕಷ್ಟವಾಗಿ, ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯದವರು ಹಳೆಯ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್ ಬರೆದು ಅದನ್ನು ಉಳಿಸಬೇಕಾಯಿತು. 2011ರಲ್ಲಿ ಬಿಬಿಸಿ ಅದರ ಒಂದು ಭಾಗವನ್ನು ಅಂತರ್ಜಾಲಕ್ಕೆ ಹಾಕಿತು. ಆ ತಾಣವೂ 2018ರಲ್ಲಿ ಬಂದಾಯಿತು, ಪುಟಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಸಂಗ್ರಹ ಸೇರಿದವು. 1086ರ ಚರ್ಮದ ಪುಸ್ತಕ ಮಾತ್ರ ಅದೇ ಪತ್ರಾಗಾರದಲ್ಲಿದೆ. ಲ್ಯಾಟಿನ್ ಬಂದರೆ ಸಾಕು, ಕರೆಂಟೂ ಬೇಡ.

ಈಗ ಶಾಂಘೈ ಡಿಸ್ಕಿಗೆ ಬರೋಣ. ಒಂದು ಲೇಸರ್ ಕಿರಣ ಗುರುತು ಹಾಕುತ್ತದೆ, ಬಳೆಯಾಕಾರದ ಇನ್ನೊಂದು ಕಿರಣ ಆ ಗುರುತು ಹರಡದಂತೆ ಸುತ್ತಲಿನಿಂದ ಒತ್ತಿ ಹಿಡಿಯುತ್ತದೆ. ಹಾಗೆ 54 ನ್ಯಾನೊಮೀಟರಿನಷ್ಟು ಸಣ್ಣ ಚುಕ್ಕಿ, ಅಂಥ 100 ಪದರ. ಕೆಲಸ ಅದ್ಭುತ, ಮಾತೇ ಇಲ್ಲ. ಆದರೆ ಅದು ಪ್ರಯೋಗಾಲಯದ ಕೆಲಸ. ಇಡೀ ಡಿಸ್ಕು ತುಂಬಿದರೆ ಇಷ್ಟಾಗುತ್ತದೆ ಎಂಬುದು ಲೆಕ್ಕ. ನಾವು ಆ ದಿನ ಮಾಡದ ಇನ್ನೊಂದು ಲೆಕ್ಕ ಹೀಗಿದೆ: ಬ್ಲೂ-ರೇಯ ಮೂಲ ವೇಗ ಸೆಕೆಂಡಿಗೆ 4.5 ಎಂಬಿ. ಆ ವೇಗದಲ್ಲಿ 200 ಟಿಬಿ ಬರೆಯಲು ಹಗಲು ರಾತ್ರಿ 500 ದಿನಕ್ಕೂ ಹೆಚ್ಚು ಬೇಕು. ಅದೇ ಕ್ಯಾಲ್ಕುಲೇಟರ್, ಅದೇ ಅರ್ಧ ಗಂಟೆ. ಮಾಡಲಿಲ್ಲ.

ಮೈಕ್ರೊಸಾಫ್ಟಿನ ‘ಪ್ರಾಜೆಕ್ಟ್ ಸಿಲಿಕಾ’ ಇದಕ್ಕಿಂತ ಮುಂದೆ ಹೋಗಿದೆ. 2019ರಲ್ಲಿ ಅಂಗೈಯಗಲದ ಸ್ಫಟಿಕ ಗಾಜಿನ ತುಂಡಿನೊಳಗೆ 1978ರ 'ಸೂಪರ್‌ಮ್ಯಾನ್' ಸಿನಿಮಾವನ್ನು ಲೇಸರಿನಿಂದ ಬರೆದು ತೋರಿಸಿದರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಅದೇ ದಾರಿಯಲ್ಲಿ ಮೊದಲೇ ಕೆಲಸ ಮಾಡಿದ್ದರು. ಗಾಜು ಬೇಯುವುದಿಲ್ಲ, ನೆನೆಯುವುದಿಲ್ಲ, ನಮ್ಮ ಟ್ರಂಕಿನ ಸಿಡಿಯಂತೆ ಸಿಪ್ಪೆ ಬಿಡುವುದಿಲ್ಲ. ಸಾವಿರಾರು ವರ್ಷ ಬಾಳುತ್ತದೆ ಎಂಬ ಮಾತನ್ನು ನಾವು ಒಪ್ಪಿಕೊಂಡೇ ಮಾತಾಡುತ್ತೇವೆ. ಆದರೆ ಬರೆಯಲು ಫೆಮ್ಟೊಸೆಕೆಂಡ್ ಲೇಸರ್, ಓದಲು ವಿಶೇಷ ಸೂಕ್ಷ್ಮದರ್ಶಕ ಬೇಕು. ಅದು ಕೊಪ್ಪಳದ ಜವಾಹರ ರಸ್ತೆಯ ಅಂಗಡಿಗೆ ಬರುವಂಥದ್ದಲ್ಲ, ಬರಲಿ ಎಂದು ಅವರು ಮಾಡುತ್ತಲೂ ಇಲ್ಲ. ಕ್ಲೌಡ್ ಕಂಪನಿಯ ಕಟ್ಟಡದೊಳಗೆ ಇರಲೆಂದೇ ಮಾಡುತ್ತಿದ್ದಾರೆ.

ನಮ್ಮ ತಕರಾರಿನ ಬೇರು ಇಲ್ಲಿದೆ. ಸಿಡಿಯನ್ನು ಎಷ್ಟು ಬೈದರೂ ಅದು ಹತ್ತು ರೂಪಾಯಿಗೆ ಸಿಗುತ್ತಿತ್ತು. ಭಜನಾ ಮಂಡಳಿಯವರು, ಬಯಲಾಟದವರು, ಮದುವೆ ಮನೆಯವರು ತಮ್ಮದನ್ನು ತಾವೇ ಬರೆಸಿ ಮನೆಯಲ್ಲಿ ಇಟ್ಟುಕೊಂಡರು. ಮುಂದಿನ ಬೆಳಕಿನ ಡಿಸ್ಕು ಏನೇ ಆಗಲಿ, ಅದು ನಮ್ಮ ಕಪಾಟಿಗೆ ಬರುವುದಿಲ್ಲ. ನಮ್ಮದನ್ನು ಅವರ ಕಪಾಟಿನಲ್ಲಿಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಕಾರ್ಡಿನ ಅವಧಿ ಮುಗಿದ ತಿಂಗಳು ಗಾಜು ಸಾವಿರ ವರ್ಷ ಬಾಳಿದರೂ ನಮಗೇನು ಬಂತು?

ಹಾಗಾದರೆ ಟೇಪ್ ಇದೆಯಲ್ಲ ಎನ್ನುವವರಿದ್ದಾರೆ. ನಿಜ, ಇಷ್ಟೆಲ್ಲ ಡಿಸ್ಕುಗಳ ಎದುರು ಸದ್ದಿಲ್ಲದೆ ಗೆದ್ದದ್ದು ಎಲ್‌ಟಿಒ ಟೇಪು. 2000ದಲ್ಲಿ 100 ಜಿಬಿ ಇದ್ದದ್ದು ಒಂಬತ್ತನೇ ಪೀಳಿಗೆಗೆ 18 ಟಿಬಿ. ಅದರ ಕಂಪನಿಗಳು ಮುಂದಿನ ಪೀಳಿಗೆಗಳ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತವೆ, ಹೆಚ್ಚುಕಡಿಮೆ ಮಾತು ಉಳಿಸಿಕೊಳ್ಳುತ್ತವೆ. ಆದರೆ ಡ್ರೈವಿಗೆ ಲಕ್ಷಗಳ ಮಾತು. ಮೊದಲು ಎರಡು ಪೀಳಿಗೆ ಹಿಂದಿನ ಟೇಪನ್ನೂ ಓದುತ್ತಿದ್ದ ಡ್ರೈವು ಎಂಟನೇ ಪೀಳಿಗೆಯಿಂದ ಒಂದಕ್ಕೆ ಇಳಿಯಿತು. ಹತ್ತನೆಯದು ಒಂಬತ್ತರ ಟೇಪನ್ನೂ ಓದುವುದಿಲ್ಲ. ಟೇಪ್ ಇಟ್ಟವನು ಸುಮ್ಮನೆ ಕೂರುವಂತಿಲ್ಲ, ಕೆಲವು ವರ್ಷಕ್ಕೊಮ್ಮೆ ನಕಲು ಮಾಡುತ್ತಲೇ ಇರಬೇಕು. ಅದಕ್ಕೆ ಆಳು ಬೇಕು, ಸಂಬಳ ಬೇಕು.

ಇದು ಅಜ್ಜಿಯ ಹಾಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷ ದಾಟಿತು. ಅವು ಇವತ್ತಿಗೂ ಸಿಗುತ್ತಿರುವುದು ಯಾವುದೋ ಮಹಾ ಡಿಸ್ಕಿನಿಂದಲ್ಲ. ದಿನಾ ಬೆಳಗಾದರೆ ಯಾರೋ ಒಬ್ಬ ರೈತ ಕೇಳುತ್ತಾನೆ, ಸಿಗದಿದ್ದರೆ ಗಲಾಟೆ ಮಾಡುತ್ತಾನೆ. ಹಾಗಾಗಿ ಸರ್ಕಾರ ಯಂತ್ರ ಬದಲಿಸಿದಾಗಲೆಲ್ಲ ಪಹಣಿಯನ್ನೂ ಹೊತ್ತು ಸಾಗಲೇಬೇಕು. ಈಗ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಒಳ್ಳೆಯ ಕೆಲಸ, ಗೆದ್ದಲು ತಿನ್ನುವ ಮೊದಲೇ ಆಗಬೇಕಿತ್ತು. ಆದರೆ ಈ ಕಡತಗಳು ಪಹಣಿಯಂತಲ್ಲ. ಐವತ್ತು ವರ್ಷಕ್ಕೊಮ್ಮೆ, ಅಣ್ಣತಮ್ಮಂದಿರ ದಾವೆ ಹೈಕೋರ್ಟಿಗೆ ಹೋದಾಗ, ಒಬ್ಬ ಕೇಳುತ್ತಾನೆ. ದಿನಾ ಕೇಳುವವರಿಲ್ಲದ ದಾಖಲೆ ಸದ್ದಿಲ್ಲದೆ ಸಾಯುತ್ತದೆ, ಸತ್ತದ್ದು ಗೊತ್ತಾಗುವುದು ಬೇಕಾದ ದಿನ.

ನಮ್ಮ ಪೇಪರುಗಳಲ್ಲಿ ಬರುವುದು ‘ಇಷ್ಟು ಲಕ್ಷ ಪುಟ ಸ್ಕ್ಯಾನ್’ ಎಂಬ ಸುದ್ದಿ. ಅದೂ ಬಾಕ್ಸ್ ಐಟಮ್ಮೇ. ಸ್ಕ್ಯಾನ್ ಆದ ಪುಟದ ಎರಡನೇ ಪ್ರತಿ ಯಾವ ಊರಿನಲ್ಲಿದೆ, ವರ್ಷಕ್ಕೊಮ್ಮೆ ತೆಗೆದು ನೋಡುವ ಹೊಣೆ ಯಾವ ಅಧಿಕಾರಿಯದ್ದು, ಗುತ್ತಿಗೆ ಮುಗಿದ ಮೇಲೆ ಫೈಲುಗಳನ್ನು ಯಾರು ಹೊಸ ಯಂತ್ರಕ್ಕೆ ದಾಟಿಸುತ್ತಾರೆ, ಅದಕ್ಕೆ ಬಜೆಟ್ಟಿನ ಯಾವ ತಲೆಬರಹದಡಿ ದುಡ್ಡಿದೆ, ಮೂಲ ಕಾಗದ ಏನಾಗುತ್ತದೆ? ತಹಶೀಲ್ದಾರರ ಮುಂದೆ ಕುರ್ಚಿ ಎಳೆದುಕೊಂಡು ಕೂತು ಇದನ್ನು ಕೇಳಲು ವಿಜ್ಞಾನದ ಪದವಿ ಬೇಕಿಲ್ಲ. ನಮ್ಮಂಥ ಡಿಪ್ಲೊಮಾದವರೇ ಕೇಳಬಹುದು. ಗೆಳೆಯರಲ್ಲಿ ಕೆಲವರು, ವಿಜ್ಞಾನದ ಸುದ್ದಿಗೆ ಕೊಂಕು ತೆಗೆದರೆ ಓದುಗರ ಉತ್ಸಾಹ ಕುಗ್ಗುತ್ತದೆ ಎನ್ನುತ್ತಾರೆ. ಉತ್ಸಾಹದಿಂದ ಪತ್ರಿಕೆ ಮಡಚಿಕೊಂಡು ಬಂದ ಹುಡುಗನ ಮುಖವನ್ನು ಅವರು ನೋಡಿಲ್ಲ. ಡೆಸ್ಕಿನವರಿಗೆ ನಾವು ಹೇಳಿಬಿಟ್ಟಿದ್ದೇವೆ, ಇನ್ನು ಮುಂದೆ ಇಂಥ ಸುದ್ದಿಯಲ್ಲಿ ಡ್ರೈವ್ ಮಾರಾಟಕ್ಕಿದೆಯೇ, ಬೆಲೆ ಎಷ್ಟು, ಎಷ್ಟು ಕಂಪನಿ ಮಾಡುತ್ತವೆ, ಬರೆಯಲು ಎಷ್ಟು ಹೊತ್ತು ಎಂಬ ನಾಲ್ಕು ಸಾಲು ಇಲ್ಲದಿದ್ದರೆ ಅನುವಾದ ಮಾಡಿ ಕೊಡುವುದಿಲ್ಲ ಎಂದು. ಬಾಕ್ಸಿಗೆ ಬೇಕಿದ್ದರೆ ಅಡುಗೆ ಟಿಪ್ಸ್ ಹಾಕಿಕೊಳ್ಳಲಿ.

ಹುಡುಗನಿಗೆ ಹನ್ನೊಂದು ನಿಮಿಷವನ್ನು ಮೊಬೈಲಿಗೆ ಹಾಕಿ ಕೊಟ್ಟೆವು. ಅವನ ಅಕ್ಕನ ಫೋನಿಗೂ, ಸೋದರಮಾವನ ಪೆನ್‌ಡ್ರೈವಿಗೂ, ನಮ್ಮ ಎರಡು ಹಾರ್ಡ್‌ಡಿಸ್ಕಿಗೂ ಹಾಕಿದ್ದೇವೆ. ಓದಲಾರದ ಮೂರು ಸಿಡಿ ಎಸೆದಿಲ್ಲ. ಯುಎಸ್‌ಬಿ ಡ್ರೈವ್ ಇನ್ನೊಂದನ್ನು, ಈಗಲೇ ಸಿಗುವಾಗಲೇ ಇರಲಿ ಎಂದು, ತರಿಸಿ ಇಟ್ಟಿದ್ದೇವೆ. ಈ ಬ್ಲಾಗಿನ ಗೆಳೆಯರ ಮನೆಯಲ್ಲಿ ಪ್ರಾಜೆಕ್ಟಿಗೆಂದು ಬರೆಸಿದ ಸಿಡಿ, ಡಿವಿಡಿ ಇದ್ದೇ ಇರುತ್ತವೆ. ಲೇಬಲ್ ಕೀಳಬೇಡಿ, ಬಿಸಿಲಿಗೆ ಇಡಬೇಡಿ. ಮುಂದಿನ ಸಲ ಸೇರುವಾಗ ತನ್ನಿ, ಕೂತು ನೋಡೋಣ.