ರುಚಿ ನೋಡದೆ ಕೊಟ್ಟ ತೀರ್ಪು

ಇಪ್ಪತ್ತಾರು ವರ್ಷಗಳಿಂದ ಮುಂಬಯಿಯಲ್ಲಿದ್ದೇನೆ. ಧಾರವಾಡದ ಕಡೆಯವನು. ಊರಿಗೆ ಬಂದಾಗಲೆಲ್ಲ ಒಂದು ಮಾತು ಕೇಳಬೇಕು: ‘ನೀವು ಹೊರಗಿನವರಾಗಿಬಿಟ್ರಿ. ನಿಮ್ಮ ಊಟ ಬದಲಾತು, ನಿಮ್ಮ ಭಾಷಾ ಕೆಟ್ಟಿತು.’ ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇನ್ನು ಸಾಧ್ಯವಿಲ್ಲ. ಕಾರಣ, ಒಂದು ತಿಂಡಿಯ ಡಬ್ಬಿ.

ಕಂಪನಿ ಕೆಲಸದ ಮೇಲೆ 2024ರಲ್ಲಿ ವಿಯೆಟ್ನಾಮಿನ ಹೋ ಚಿ ಮಿನ್ ನಗರಕ್ಕೆ ಹೋಗಿದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ತಮ್ಮ ಊರು ಸೋಕ್ ಟ್ರಾಂಗಿಗೆ ಕರೆದೊಯ್ದರು. ಮೆಕಾಂಗ್ ನದಿ ಕವಲೊಡೆದು ಸಮುದ್ರ ಸೇರುವ ಬಯಲುಸೀಮೆ ಅದು. ಆಗ ಅದೇ ಒಂದು ಪ್ರಾಂತ್ಯವಾಗಿತ್ತು. 2025ರ ಜುಲೈಯಲ್ಲಿ ಪಕ್ಕದ ಕಂತೋ ನಗರಾಡಳಿತಕ್ಕೆ ಸೇರಿತು. ಹೆದ್ದಾರಿಯ ಬದಿಗೆ ಸಾಲಾಗಿ ಒಂದೇ ತಿಂಡಿಯ ಅಂಗಡಿಗಳು, ನಮ್ಮಲ್ಲಿ ಪೇಡೆ, ಕರದಂಟಿನ ಅಂಗಡಿಗಳಿದ್ದ ಹಾಗೆ. ತಿಂಡಿಯ ಹೆಸರು ಬಾನ್ ಪಿಯಾ.

ಅಂಗೈಯಲ್ಲಿ ಕೂರುವಷ್ಟು ದುಂಡಗೆ, ಮೇಲೊಂದು ಕೆಂಪು ಮುದ್ರೆ. ಕಣಕ ಎರಡು ಬಗೆಯದು: ಒಂದು ನೀರು ಹಾಕಿ ನಾದಿದ್ದು, ಇನ್ನೊಂದು ಜಿಡ್ಡಿನಲ್ಲೇ ಕಲಸಿದ್ದು. ಒಂದರೊಳಗೊಂದು ಇಟ್ಟು ಲಟ್ಟಿಸಿ, ಸುರುಳಿ ಸುತ್ತಿ, ಮತ್ತೆ ಲಟ್ಟಿಸುತ್ತಾರೆ. ಬೆಂದಾಗ ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ. ಚಿರೋಟಿ ಮಾಡಿದ ಕೈಗಳಿಗೆ ಇದನ್ನು ವಿವರಿಸಬೇಕಿಲ್ಲ. ಒಳಗೆ ಹೆಸರುಬೇಳೆಯ ಸಿಹಿ ಹೂರಣ, ಅದರೊಂದಿಗೆ ಡ್ಯೂರಿಯನ್ ಹಣ್ಣು. ಹಳೆಯ ಪದ್ಧತಿಯಲ್ಲಿ ಹಂದಿಯ ಕೊಬ್ಬು ಹಾಕುತ್ತಾರೆ. ಬಾತುಕೋಳಿ ಮೊಟ್ಟೆಯ ಉಪ್ಪಿನಲ್ಲಿಟ್ಟ ಹಳದಿಯೂ ಇರುವುದುಂಟು. ನಾನು ಸಸ್ಯಾಹಾರಿ. ಅಲ್ಲಿ ‘ಚಾಯ್’ ಅಂದರೆ ಚಹಾ ಅಲ್ಲ, ಸಸ್ಯಾಹಾರ. ಆ ಅಕ್ಷರ ಇದ್ದ ಡಬ್ಬಿಯನ್ನೇ ಕೇಳಿ ತೆಗೆದುಕೊಂಡೆ.

ನಿಜ ಹೇಳುತ್ತೇನೆ, ಮೊದಲು ಮೂಗು ಮುಚ್ಚಿಕೊಂಡೆ. ಡ್ಯೂರಿಯನ್ ಹೊರನೋಟಕ್ಕೆ ಹಲಸಿನ ತಮ್ಮನಂತೆ ಕಂಡರೂ ವಾಸನೆ ಅಂಥಿಂಥದಲ್ಲ. ಸಿಂಗಾಪುರದ ಮೆಟ್ರೋ ರೈಲಿನಲ್ಲಿ ಅದನ್ನು ಒಯ್ಯಲಿಕ್ಕೇ ಬಿಡುವುದಿಲ್ಲ. ಮೊದಲ ತುತ್ತು ಗಂಟಲಲ್ಲೇ ನಿಂತಿತು. ಎರಡನೆಯದರಲ್ಲಿ ಬೇಳೆ ಸಿಕ್ಕಿತು. ಹಬ್ಬದ ಮುಂಜಾನೆ ಅವ್ವ ಹೂರಣ ಅರೆಯುತ್ತ ಬೆರಳಿಗೆ ಹಚ್ಚಿ ಕೊಡುತ್ತಿದ್ದಳಲ್ಲ, ಅದೇ ನುಣುಪು. ಮೂರನೆಯ ತುತ್ತಿಗೆ ಹಣ್ಣೂ ಒಪ್ಪಿತು. ಪೂರ್ತಿ ತಿಂದೆ.

ಆಮೇಲೆ ಅದರ ಕಥೆ ಕೇಳಿದೆ. 17ನೇ ಶತಮಾನದಲ್ಲಿ ಚೀನದ ಮಿಂಗ್ ಅರಸೊತ್ತಿಗೆ ಬಿದ್ದ ಮೇಲೆ ದೇಶ ಬಿಟ್ಟು ಬಂದವರು ತಂದ ತಿಂಡಿಯಂತೆ. ‘ಪಿಯಾ’ ತಿಯೋಚ್ಯೂ ಜನರ ಮಾತು. ಹಿಟ್ಟಿನ ತಿಂಡಿ ಎಂದರ್ಥ. ‘ಬಾನ್’ ಅಂದರೆ ವಿಯೆಟ್ನಾಮಿ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ. ನಮ್ಮ ‘ಗೇಟುಬಾಗಿಲು’ ಇದ್ದ ಹಾಗೆ! ಬಂದವರು ಕಣಕದ ಹದ ಬಿಡಲಿಲ್ಲ, ಹೆಸರು ಬಿಡಲಿಲ್ಲ. ಆದರೆ ಹೊಸ ನೆಲದ ಹಣ್ಣನ್ನು ಒಳಗೆ ಬಿಟ್ಟುಕೊಂಡರು. ಇವತ್ತು ಸೋಕ್ ಟ್ರಾಂಗಿಗೆ ಹೋದವರು ಕಟ್ಟಿಸಿಕೊಂಡು ಬರುವುದೇ ಅದನ್ನು.

ಎರಡು ಡಬ್ಬಿ ತಂದು ಒಂದನ್ನು ಧಾರವಾಡಕ್ಕೆ ಒಯ್ದೆ. ಸೋದರಮಾವನ ಮನೆಯಲ್ಲಿ ಬಿಚ್ಚಿದೆನೋ ಇಲ್ಲವೋ, ಮಾಮಾ ಮುಖ ಹಿಂಡಿದರು. ‘ಏನ್ ನಾತೋ ಇದು! ಮೊದಲ ಹೊರಗ ಒಯ್ದ ಇಡು.’ ‘ಮಾಮಾ, ಬರೇ ಬ್ಯಾಳಿ ಹೂರಣ, ಒಂದ್ ಚೂರು ನೋಡ್ರಿ’ ಅಂದೆ. ನೋಡಲಿಲ್ಲ. ಅಷ್ಟರಲ್ಲಿ ನನ್ನ ಮಗಳು, ‘ಅಜ್ಜಾ, ನಾ ಹಾತ್ ತೊಳ್ಕೊಂಡ್ ಬರ್ತೀನಿ’ ಅಂದಳು. ಮನೆಯೆಲ್ಲ ನಕ್ಕಿತು. ‘ಕಂಡಕಂಡದ್ದ ತಿಂದ್ರ ನಾಲಿಗಿ ಹಿಂಗs ಆಗ್ತದ’ ಎಂದು ಮಾಮಾ ತೀರ್ಪು ಕೊಟ್ಟರು. ಅವರ ಮೊಮ್ಮಗ, ಧಾರವಾಡ ಬಿಟ್ಟು ಕದಲದವನು, ಅವಳ ಹಿಂದೆಯೇ ಎದ್ದು ‘ಅಜ್ಜಾ, ನಾನೂ ಹ್ಯಾಂಡ್ ವಾಶ್ ಮಾಡ್ತೀನಿ’ ಅಂದ. ಯಾರೂ ನಗಲಿಲ್ಲ.

ನನ್ನ ಜಗಳ ಇರುವುದು ಇಲ್ಲೇ. ಇಂಗ್ಲಿಷ್ ಬೆರೆತರೆ ಜಾಣತನ, ಮರಾಠಿ ಬೆರೆತರೆ ಕೇಡು, ಇದು ಯಾವ ನ್ಯಾಯ? ಅಣ್ಣನ ಹೆಂಡತಿಯನ್ನು ಧಾರವಾಡದಲ್ಲಿ ನಾವೆಲ್ಲ ‘ವೈನಿ’ ಅನ್ನುತ್ತೇವೆ. ಅದು ಎಲ್ಲಿಂದ ಬಂತು? ಮಾಮಾ ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ಖಾರದ ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಮಸಾಲೆ ದೋಸೆಯ ಬಟಾಟೆಯೂ ಆಚೆಯಿಂದ ಬಂದದ್ದೇ. ಇವನ್ನು ಅಜ್ಜಂದಿರು ಮೂಸಿ ಹೊರಗಿಟ್ಟಿದ್ದರೆ ಇವತ್ತಿನ ‘ನಮ್ಮ ಅಡಗಿ’ ಎಲ್ಲಿರುತ್ತಿತ್ತು?

ಹೀಗೆ ಎಲ್ಲ ಬೆರೆಸುತ್ತ ಹೋದರೆ ಕೊನೆಗೆ ಉಳಿಯುವುದೇನು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ದಿನಾ ಮಾಡಿದ್ದು ಉಳಿಯುತ್ತದೆ. ಪಿಯಾ ಉಳಿದದ್ದು ಅದನ್ನು ಮಾಡುತ್ತ ಬಂದವರಿಂದ, ಶುದ್ಧತೆಯ ಭಾಷಣದಿಂದ ಅಲ್ಲ. ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಶುರುಮಾಡಿದ ಉಡುಪಿ ಊಟದ ಮನೆಯಲ್ಲಿ ಇಂದಿಗೂ ಬಾಳೆ ಎಲೆಯ ಊಟ ಸಿಗುತ್ತದೆ. ಅಲ್ಲಿ ಅನ್ನದ ಜೊತೆ ಚಪಾತಿಯೂ ಬರುತ್ತದೆ. ನನ್ನ ಮಗಳ ‘ಹಾತ್’ ಹಿಡಿದು ನಗುವವರು, ಅದರ ಬೆನ್ನಿಗೇ ಬಂದ ‘ತೊಳ್ಕೊಂಡ್ ಬರ್ತೀನಿ’ಯನ್ನು ಕೇಳಿಸಿಕೊಳ್ಳಲಿಲ್ಲ. ಕಣಕ ನಮ್ಮದೇ ಇದೆ ಸ್ವಾಮಿ, ಒಳಗೆ ಒಂದು ಹಣ್ಣು ಸೇರಿದೆ, ಅಷ್ಟೆ.

ತಪ್ಪು ನಮ್ಮಲ್ಲೂ ಉಂಟು. ಕನ್ನಡ ಯಾಕೆ ಬೇಕು ಎಂದು ಮಕ್ಕಳಿಗೆ ಕಲಿಸದೆ ಬಿಟ್ಟವರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಅವರ ಪರ ನಾನು ವಾದಿಸುವುದಿಲ್ಲ. ಆದರೆ ಬೆರಕೆಯಾದರೂ ಆಡುವ ಮಗುವನ್ನು ನೋಡಿ ನಕ್ಕರೆ, ಮುಂದಿನ ಸಲ ಅದು ಬಾಯಿ ತೆಗೆಯುವುದಿಲ್ಲ. ನನ್ನ ಮಗಳು ಅವತ್ತು ಸಂಜೆಯವರೆಗೆ ಅಜ್ಜನ ಮುಂದೆ ಹಿಂದಿಯಲ್ಲೇ ಮಾತಾಡಿದಳು.

ಆ ಡಬ್ಬಿಯನ್ನು ಹಾಗೇ ಮುಂಬಯಿಗೆ ವಾಪಸು ತಂದೆ. ಮುಂದಿನ ಸಲವೂ ಏನಾದರೂ ತರುತ್ತೇನೆ. ಸೇರದಿದ್ದರೆ ಉಗುಳಿರಿ, ಬೇಸರವಿಲ್ಲ. ಆದರೆ ಮೊದಲು ಒಂದು ತುತ್ತು ಬಾಯಿಗೆ ಇಟ್ಟುಕೊಳ್ಳಿ.