ಸಹಕಾರವಲ್ಲ, ದ್ರೋಹ

ವೈರಿಯ ಆಳ್ವಿಕೆಗೆ ಕೈಜೋಡಿಸಿದವರನ್ನು ಕುರಿತು ‘ಶತ್ರುವಿನೊಡನೆ ಸಹಕರಿಸಿದರು’ ಎಂದು ನಮ್ಮ ಲೇಖಕರು ಬರೆಯುವುದನ್ನು ತಾವು ಗಮನಿಸಿರಬಹುದು. ಇದು ಆ ಪದಕ್ಕೆ ಎಸಗಿದ ಅಪಚಾರ. 1940ರಲ್ಲಿ ಜರ್ಮನಿಗೆ ಸೋತ ಫ್ರಾನ್ಸಿನ ಮಾರ್ಷಲ್ ಪೆತಾಂ ತನ್ನ ಶರಣಾಗತಿಗೆ ಇಂಥದೇ ಸೌಮ್ಯವಾದ ಹೆಸರನ್ನಿಟ್ಟನು. ಆ ಹೆಸರೇ ಮುಂದೆ ಬೈಗುಳವಾಯಿತು. ಆ ಮುಸುಕನ್ನು ನಾವೇಕೆ ಹೊದೆಯಬೇಕು?

ಸಹಕಾರವೆಂದರೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ. ನಮ್ಮ ಸಂಸೆ-ಕಳಸದ ಸೀಮೆಯಲ್ಲಿ ನಾಟಿಗೆ ಮುಯ್ಯಾಳಾಗಿ ಹೋಗುವ ನೆರೆಯವರ ನಡತೆ. ಅಲ್ಲಿ ಇಬ್ಬರೂ ಸಮಾನರು, ಇಬ್ಬರೂ ಸ್ವತಂತ್ರರು. 1830ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಕುಂಪಣಿಯ ಕೈಗೊಪ್ಪಿಸಿದವರು ಮಾಡಿದ್ದು ಸಹಕಾರವೇ? ಮರುವರ್ಷ ನಂದಗಡದಲ್ಲಿ ಅವನು ಗಲ್ಲಿಗೇರಿದನು. ಆ ಕೃತ್ಯಕ್ಕೆ ದ್ರೋಹವೆಂಬ ಮಾತೇ ಸಲ್ಲುವುದು.

ಆದರೆ ಆ ಮಾತನ್ನು ಕಂಡಕಂಡವರ ಮೇಲೆ ಎಸೆಯುವುದೂ ಅಧರ್ಮವೇ. ಕೋವಿಗೆ ಅಂಜಿ ಕಂದಾಯ ತೆತ್ತ ರೈತನು ದ್ರೋಹಿಯಲ್ಲ, ಅದು ನಿರ್ಬಂಧ. ಇನಾಮಿನಾಸೆಗೆ ತನ್ನವರನ್ನು ಮಾರಿದವನು ದ್ರೋಹಿ. ಎರಡನ್ನೂ ‘ಸಹಕಾರ’ವೆಂಬ ಒಂದೇ ಗೋಣಿಯಲ್ಲಿ ತುಂಬಿದರೆ ಅಂಜಿದವನಿಗೆ ಅನ್ಯಾಯ, ಮಾರಿದವನಿಗೆ ಮನ್ನಣೆ. ನುಡಿಯನ್ನು ಶುದ್ಧವಾಗಿಡುವುದೂ ಶರಣರು ಕಲಿಸಿದ ಆಚಾರವೇ ಅಲ್ಲವೇ?